ಜರ್ಮನ್ ತಾಟು

ಬೈಲಹೊಂಗಲ
28 ಜನವರಿ 1998

ಅರ್ಜುನ,

ನೀನು ಡಾಕ್ಟರಾಗಿ ಸಾಲಹಳ್ಳಿಗೆ ಬಂದು ವರ್ಷವಾಯಿತು, ನಾನು ಒಂದು ಕಾಗದ ಹಾಕಲಿಲ್ಲ. ಈಗ ಕೆಲಸ ಬಿತ್ತು, ಅದಕ್ಕೇ ನೆನಪಾಯಿತು ಅಂದುಕೊಳ್ಳುತ್ತೀ. ಅಂದುಕೋ, ಅದು ಖರೆ. ಫೋನು ಇರುವುದು ನಮ್ಮ ಹತ್ತಿಯ ಅಡತಿ ಅಂಗಡಿಯಲ್ಲಿ, ಅಣ್ಣನ ಗಾದಿಯ ಪಕ್ಕದಲ್ಲಿ. ಅಲ್ಲಿ ನಿಂತು ಆಡುವ ಮಾತಲ್ಲ ಇದು.

ಸಂಕ್ರಮಣ ಮುಗಿದ ಮೇಲೆ ಹತ್ತಿಯ ಮಾದರಿ ತೋರಿಸಲು ಹುಬ್ಬಳ್ಳಿಗೆ ಹೋಗಿದ್ದೆ. ಗಿರಣಿಯವನು ನಾಳೆ ಬಾ ಅಂದ. ಲಾಡ್ಜಿನಲ್ಲಿ ಉಳಿದೆ. ಅಲ್ಲಿ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವಳಿರಬೇಕು. ಯಾರು ಕರೆತಂದರು, ಹೇಗಾಯಿತು ಎಂಬುದನ್ನೆಲ್ಲ ಬರೆಯಲಾರೆ. ಇಪ್ಪತ್ತೇಳು ವರ್ಷದ ಗಂಡಸು ತಾನಾಗಿಯೇ ಕದ ತೆರೆದ, ಅಷ್ಟು ಸಾಕು. ನಿರೋಧ ಅವಳೇ ತಂದಿದ್ದಳು. ನಾನು ಬೇಡ ಅಂದದ್ದಕ್ಕೆ, ‘ನೀವು ಅಂಜೂದಿಲ್ರಿ, ನಾ ಅಂಜತೇನಿ. ನೀವು ಎಲ್ಲೆಲ್ಲಿ ಹೋಗಿ ಬಂದಿರತೀರೋ ನನಗೇನ ಗೊತ್ತು’ ಅಂದಳು. ಅದು ಹರಿಯಲಿಲ್ಲ, ಜಾರಲಿಲ್ಲ. ಎರಡೆರಡು ಸಲ ನೋಡಿದ್ದೇನೆ.

ಆದರೆ ಮರುದಿನ ಬಸ್ಸಿನಲ್ಲಿ ಕೈ ನೋಡಿಕೊಂಡರೆ ಹೆಬ್ಬೆರಳಿನ ಉಗುರಿನ ಪಕ್ಕ ಸಿಗುರು ಎದ್ದಿತ್ತು. ಹತ್ತಿಯ ಅಂಡಿಗೆ ಬಿಚ್ಚುವಾಗ ಆದದ್ದು. ಅದೇ ಕೈಯಿಂದ ಅವಳನ್ನು ಮುಟ್ಟಿದ್ದೆ. ಆ ಸಿಗುರಿನಿಂದ ಒಳಗೆ ಹೋಗಿದ್ದರೆ? ನಮ್ಮ ಬಸ್ ನಿಲ್ದಾಣದ ಗೋಡೆಯ ಮೇಲೆ ಬುರುಡೆ ಬಿಡಿಸಿ ‘ಏಡ್ಸ್ ಅಂದರೆ ಸಾವು’ ಎಂದು ಬರೆದಿದ್ದಾರೆ. ದಿನಾ ಅದರ ಮುಂದೆಯೇ ಹಾದು ಅಂಗಡಿಗೆ ಹೋಗಬೇಕು. ಮೊನ್ನೆಯಿಂದ ಗಂಟಲು ನೋವು ಬೇರೆ. ನನಗೆ ಬಂದಿದೆಯೋ ಇಲ್ಲವೋ, ಅಷ್ಟು ಹೇಳು. ಬೇಗ ಬರೆ.

ನಿನ್ನ
ಗೌರೀಶ


ಸಾಲಹಳ್ಳಿ
3 ಫೆಬ್ರುವರಿ 1998

ಗೌರೀಶ,

ನಿನ್ನ ಕಾಗದವನ್ನು ಒಲೆಗೆ ಹಾಕಿದ್ದೇನೆ. ಇದನ್ನು ಓದಿ ನೀನೂ ಹಾಗೆಯೇ ಮಾಡು.

ಈ ರೋಗ ಅಂಟಬೇಕಾದರೆ ಮೊದಲು ಆಕೆಗೆ ರೋಗ ಇರಬೇಕು. ಇದೆ ಎಂದು ನಿನಗೆ ಹೇಳಿದವರಾರು? ಇದ್ದರೂ ಆಕೆಯ ರಕ್ತವೋ ಮೈಯೊಳಗಿನ ದ್ರವವೋ ನಿನ್ನ ಒಳಗೆ ಸೇರಬೇಕು. ನಿರೋಧ ಹರಿದಿಲ್ಲ. ಸಿಗುರಿನಿಂದ ರಕ್ತ ಸುರಿಯುತ್ತಿರಲಿಲ್ಲ, ಅದು ನಿನ್ನ ಕಣ್ಣಿಗೆ ಬಿದ್ದದ್ದೇ ಮರುದಿನ. ಅಪಾಯ ಇಲ್ಲವೆನ್ನುವಷ್ಟು ಕಡಿಮೆ. ಇನ್ನು ಗಂಟಲು ನೋವು. ಈ ಚಳಿಗೆ ನನ್ನ ಆಸ್ಪತ್ರೆಯ ಕಟ್ಟೆಯ ಮೇಲೆ ಅರ್ಧ ಊರು ಕೆಮ್ಮುತ್ತ ಕೂತಿದೆ. ಅವರೆಲ್ಲ ಹುಬ್ಬಳ್ಳಿಯ ಲಾಡ್ಜಿಗೆ ಹೋಗಿ ಬಂದವರೇನು?

ಈಗಲೇ ರಕ್ತ ತೋರಿಸಲು ಓಡಬೇಡ. ರೋಗ ಇದ್ದರೂ ಅದರ ಗುರುತು ರಕ್ತದಲ್ಲಿ ಮೂಡಲು ಸಮಯ ಬೇಕು. ಮೂರು ತಿಂಗಳು ತುಂಬಿದ ಮೇಲೆ ಒಮ್ಮೆ ಮಾಡಿಸು, ಅದೂ ನಿನ್ನ ಮನಸ್ಸಿನ ಸಮಾಧಾನಕ್ಕೆ.

ಆ ಹೆಂಗಸು ತನ್ನ ಜೊತೆ ನಿನ್ನನ್ನೂ ಕಾಪಾಡಿದಳು. ನೀನು ಅವಳನ್ನು ವಿಷದ ಬಾಟಲಿ ಮಾಡಿಟ್ಟಿದ್ದೀ. ಅದೊಂದು ನನಗೆ ಸರಿ ಕಾಣಲಿಲ್ಲ.

ಅರ್ಜುನ


ಬೈಲಹೊಂಗಲ
15 ಫೆಬ್ರುವರಿ 1998

ಅರ್ಜುನ,

ನಿನ್ನ ಕಾಗದ ಸುಟ್ಟಿಲ್ಲ. ತಲೆದಿಂಬಿನ ಗವಸಿನಲ್ಲಿದೆ. ‘ಇಲ್ಲವೆನ್ನುವಷ್ಟು ಕಡಿಮೆ’ ಅಂತ ಬರೆದಿದ್ದೀ. ‘ಇಲ್ಲ’ ಅಂತ ಬರೆಯಲು ನಿನ್ನ ಕೈಗೇನಾಗಿತ್ತು? ಲಕ್ಷಕ್ಕೊಬ್ಬನಿಗೆ ಆಗುವುದಿದ್ದರೆ ಆ ಒಬ್ಬ ನಾನೇ ಯಾಕಾಗಬಾರದು? ಗಂಟಲು ನೋವು ಹೋಯಿತು. ಈಗ ಬಗಲಲ್ಲಿ ಗಂಟು ಇದ್ದಂತೆ ಅನಿಸುತ್ತದೆ. ಒತ್ತಿ ಒತ್ತಿ ನೋಡಿ ಅಲ್ಲೂ ನೋವು ಬರಿಸಿಕೊಂಡಿದ್ದೇನೆ.

ನನ್ನ ಸಲುವಾಗಿ ಇಷ್ಟು ಅಂಜಿಕೆಯಿಲ್ಲ. ಅಣ್ಣನ ಮಗಳು ಮಧು ಇದ್ದಾಳಲ್ಲ, ಈಗ ನಾಲ್ಕು ತುಂಬಿವೆ. ಅವಳಿಗೆ ನನ್ನ ತಾಟಿನಲ್ಲಿ ಉಂಡರೇ ಉಂಡಂತೆ. ನಾನು ಅಂಗಡಿಯಿಂದ ಬರುವತನಕ ಹಸಿದು ಕೂಡುತ್ತಾಳೆ, ನಾನು ಕಡಿದ ರೊಟ್ಟಿಯನ್ನೇ ಕಸಿದು ತಿನ್ನುತ್ತಾಳೆ. ಮೊನ್ನೆ ನನ್ನ ತಂಬಿಗೆಗೆ ಬಾಯಿ ಹಚ್ಚಿ ನೀರು ಕುಡಿಯುತ್ತಿದ್ದಳು. ಥಟ್ಟನೆ ಕಸಿದುಕೊಂಡೆ. ಕೂಸು ಬಹಳ ಅತ್ತಿತು. ಅವತ್ತೇ ಅವ್ವನಿಗೆ, ‘ಇನ್ನ ಮ್ಯಾಲ ನಂದು ನನಗ ಬ್ಯಾರೆ ಇಡವ್ವಾ’ ಅಂದುಬಿಟ್ಟೆ.

ಕೊಟ್ಟಿಗೆಯ ಗೋಡೆಯ ಮಾಡದಲ್ಲಿ ಒಂದು ಜರ್ಮನ್ ತಾಟು, ಒಂದು ತಂಬಿಗೆ ಯಾರೂ ಮುಟ್ಟದೆ ಬಿದ್ದಿದ್ದವು. ಅವನ್ನೇ ತೊಳೆದು ಇಟ್ಟುಕೊಂಡಿದ್ದೇನೆ. ಪಡಸಾಲೆಯ ಮೂಲೆಯಲ್ಲಿ ಉಣ್ಣುತ್ತೇನೆ, ನಾನೇ ತೊಳೆಯುತ್ತೇನೆ. ಮನೆಯಲ್ಲಿ ಯಾರೂ ಏನೂ ಕೇಳಿಲ್ಲ. ಅವರ ಮುಖ ನೋಡಿದರೆ ಕೇಳದಿದ್ದರೇ ಚಲೋ ಅನಿಸುತ್ತದೆ.

ಈ ಸಲ ‘ಇಲ್ಲ’ ಎಂದು ಸ್ಪಷ್ಟ ಬರೆ.

ಗೌರೀಶ


ಸಾಲಹಳ್ಳಿ
22 ಫೆಬ್ರುವರಿ 1998

ಗೌರೀಶ,

ನಿನ್ನ ಮೇಲೆ ಸಿಟ್ಟು ಬಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತಾಟಿನಿಂದ ಬರುವುದಿಲ್ಲ. ತಂಬಿಗೆಯಿಂದ, ಎಂಜಲಿನಿಂದ, ಟವೆಲಿನಿಂದ, ಸೊಳ್ಳೆಯಿಂದ ಬರುವುದಿಲ್ಲ. ಇಲ್ಲಿ ‘ಇಲ್ಲವೆನ್ನುವಷ್ಟು’ ಎಂಬ ಮಾತೇ ಇಲ್ಲ, ಇಲ್ಲ ಅಂದರೆ ಇಲ್ಲ. ನಿನಗೆ ರೋಗ ಇದ್ದಿದ್ದರೂ ಮಧು ನಿನ್ನ ಪಕ್ಕ ಕೂತು ಅದೇ ತಾಟಿನಲ್ಲಿ ಉಣ್ಣಬಹುದಿತ್ತು. ಲಾಡ್ಜಿನ ಮಾತಿಗೆ ಮಾತ್ರ ಯಾವ ಡಾಕ್ಟರನೂ ಸೊನ್ನೆ ಎಂದು ಬರೆದುಕೊಡಲಾರ. ಹುಬ್ಬಳ್ಳಿಯ ಬಸ್ಸು ಹತ್ತುವಾಗ ಡ್ರೈವರನಿಂದ ಹಾಗೆ ಬರೆಸಿಕೊಂಡು ಹತ್ತಿದ್ದೆಯೇನು?

ಇನ್ನೊಂದು ಮಾತು. ಯಾರೂ ಮುಟ್ಟದ ತಾಟು ಅಂತ ಬರೆದಿದ್ದೀ. ಅಂಚು ನೆಗ್ಗಿದ ಆ ಅಲ್ಯುಮಿನಿಯಂ ತಾಟಿನಲ್ಲಿ ನಾನು ಸಾಲಿ ಮುಗಿಯುವತನಕ ಉಂಡಿದ್ದೇನೆ. ನಮ್ಮಪ್ಪ ಅಮೋಘಸಿದ್ದಪ್ಪ ಗೊಬ್ಬರಕ್ಕೆಂದು ನಿಮ್ಮ ಹೊಲದಲ್ಲಿ ಕುರಿ ತರುಬುತ್ತಿದ್ದ, ನಾನು ನಿನ್ನ ಜೊತೆ ಅಭ್ಯಾಸಕ್ಕೆ ಬರುತ್ತಿದ್ದೆ. ಇಬ್ಬರಿಗೂ ಒಂದೇ ಪುಸ್ತಕ, ಒಂದೇ ಕಂದೀಲು. ಊಟದ ಹೊತ್ತಿಗೆ ಮಾತ್ರ ಕೊಟ್ಟಿಗೆಯ ಮಾಡದಿಂದ ಆ ತಾಟು ಇಳಿಯುತ್ತಿತ್ತು. ಉಂಡು, ನಾನೇ ತೊಳೆದು, ಅಲ್ಲೇ ಇಡುತ್ತಿದ್ದೆ. ನನಗೆ ಯಾವ ರೋಗವೂ ಇರಲಿಲ್ಲ, ಗೌರೀಶ. ನೀನು ಅದನ್ನು ಮರೆತಿದ್ದೀ, ಅದಕ್ಕೆ ನನಗೆ ಬೇಸರವಾಗಿದೆ.

ಆ ತಾಟನ್ನು ಹಳೆ ಪಾತ್ರೆ ಕೊಳ್ಳುವವನಿಗೆ ಹಾಕು. ನಾಳೆಯಿಂದ ಮಧುವನ್ನು ಕೂರಿಸಿಕೊಂಡು ಉಣ್ಣು. ಇದು ಗೆಳೆಯನ ಮಾತಲ್ಲ, ಡಾಕ್ಟರನ ಮಾತು.

ಅರ್ಜುನ


ಬೈಲಹೊಂಗಲ
14 ಮಾರ್ಚ್ 1998

ಅರ್ಜುನಗ ಗುರವ್ವ ಬರಿಯೂದು.

ನೀ ದೊಡ್ಡ ಡಾಕ್ಟರ ಆಗೀದಿ, ರೀ ಹಚ್ಚಿ ಬರೀಬೇಕಿತ್ತು. ರೂಢಿ ಇಲ್ಲ, ಸಿಟ್ಟಾಗಬ್ಯಾಡ. ನಾಕನೇತ್ತ ಸಾಲಿ ಕಲತ ಕೈ ಇದು, ತಿಳದಷ್ಟ ಓದಿಕೋ. ಮಂದಿ ಕೈಲೆ ಬರಸೂ ಮಾತಲ್ಲ.

ನನ್ನ ಸಣ್ಣ ಮಗ ಗೌರೀಶ ನಿನಗ ಕಾಗದ ಹಾಕತಾನಂತ ಪೋಸ್ಟಿನ ಶಟ್ಟೆಪ್ಪ ಅಂದ. ನಿನ್ನ ಮುಂದ ಏನರ ಹೇಳ್ಯಾನೇನು? ತಿಂಗಳಾತು, ಅಂವ ತಾಟ ಬ್ಯಾರೆ ಮಾಡ್ಕೊಂಡಾನ. ಕೂಸ ಹತ್ತರ ಹೋದ್ರ ಎದ್ದ ಹೋಗತಾನ. ನಮ್ಮ ಮಂದ್ಯಾಗ ಇದರ ಅರ್ಥ ಒಂದ ಐತಿ. ನಮ್ಮ ಮೈದುನ ಬ್ಯಾರೆ ಆಗೂ ಮುಂದ ಬಾಯಿ ಬಿಟ್ಟ ಏನೂ ಅನಲಿಲ್ಲ. ಪ್ಯಾಟಿಂದ ಒಂದ ತಾಟ ತಂದ ತನ್ನ ಖೋಲ್ಯಾಗ ಇಟ್ಕೊಂಡ. ಮೊದಲ ತಾಟ, ಆಮ್ಯಾಲ ಒಲಿ, ಆಮ್ಯಾಲ ಹೊಲ. ಅಣ್ಣತಮ್ಮಂದ್ರು ಹಂಗ ಬ್ಯಾರೆ ಆಗೂದು.

ದೊಡ್ಡಾಂವ ಮಡಿವಾಳೆಪ್ಪ ಇಷ್ಟ ದಿನ ಸುಮ್ಮನಿದ್ದ. ನಿನ್ನಿ ತಡೀಲಿಲ್ಲ. ‘ಹಿಸ್ಸೆ ಬೇಕಾದ್ರ ಬಾಯಿ ಬಿಟ್ಟ ಕೇಳಲಿ, ತಾಟ ಯಾಕ ತೋರಸ್ತಾನ’ ಅಂದ. ಅಪ್ಪ ಸತ್ತ ಮ್ಯಾಲ ತಮ್ಮನ್ನ ಎದಿ ಮ್ಯಾಲ ಹಾಕ್ಕೊಂಡ ಬೆಳಸಿದಾಂವ ಅಂವ. ಸೊಸಿ ಗಂಗಾ ‘ನನ್ನ ಕೈ ಅಡಗಿ ಮೈದುನಗ ಹೇಸಿಗಿ ಆತು’ ಅಂತ ಅತ್ತ, ಕೂಸಿನ್ನ ಕರಕೊಂಡ ಕಿತ್ತೂರಿಗೆ ತವರಮನಿಗೆ ಹೋಗ್ಯಾಳ. ಗೌರೀಶನ್ನ ಕೇಳಿದ್ರ, ‘ನಿಮ್ಮ ಚಲೋಕ್ಕ ಮಾಡೇನವ್ವಾ’ ಅಂತಾನ. ತಾಟ ಬ್ಯಾರೆ ಮಾಡೂದ್ರಾಗ ನಮ್ಮ ಚಲೋ ಎಲ್ಲೈತಿ ತಮ್ಮಾ?

ನಿನಗ ಗೊತ್ತಿದ್ರ ನನಗೊಂದ ಬರದ ಹಾಕು. ಮನಿ ಒಡೀತೈತಿ.

ಗುರವ್ವ


ಸಾಲಹಳ್ಳಿ
19 ಮಾರ್ಚ್ 1998

ಗುರವ್ವ ಅವ್ವಾರಿಗೆ ಅರ್ಜುನನ ನಮಸ್ಕಾರಗಳು.

ಗೌರೀಶನ ಮನಸ್ಸಿನಲ್ಲಿ ಪಾಲಿನ ಯೋಚನೆ ಎಳ್ಳಷ್ಟೂ ಇಲ್ಲ. ಅಣ್ಣಾರ ಮೇಲಾಗಲಿ ವೈನಿಯವರ ಮೇಲಾಗಲಿ ಮುನಿಸಿಲ್ಲ. ಇಷ್ಟನ್ನು ನನ್ನ ಮಾತಿನ ಮೇಲೆ ನಂಬಿರಿ, ಅಣ್ಣಾರಿಗೂ ತಿಳಿಸಿರಿ. ಇದಕ್ಕಿಂತ ಹೆಚ್ಚು ನಾನು ಬರೆಯುವಂತಿಲ್ಲ. ಹೇಳಬೇಕಾದವನು ಅವನೇ. ಹೇಳು ಎಂದು ಅವನಿಗೆ ಇವತ್ತೇ ಬರೆಯುತ್ತಿದ್ದೇನೆ.

ನಿಮ್ಮ
ಅರ್ಜುನ


ಸಾಲಹಳ್ಳಿ
19 ಮಾರ್ಚ್ 1998

ಗೌರೀಶ,

ಅವ್ವಾರ ಕಾಗದ ಬಂದಿತ್ತು. ನಾನು ಅವರಿಗೆ ಬರೆದ ಉತ್ತರ ನೋಡಿ ನನಗೇ ನಾಚಿಕೆಯಾಗುತ್ತಿದೆ. ಎಲ್ಲ ಗೊತ್ತಿದ್ದು, ತಾಯಿಯಂಥವರ ಮುಂದೆ ಬಾಯಿ ಹೊಲಿದುಕೊಂಡು ಕೂಡುವ ಹಾಗೆ ಮಾಡಿದೆ ನೀನು. ಡಾಕ್ಟರನಾದವನು ಹೇಳುವಂತಿಲ್ಲ, ಅದಕ್ಕೆ ಹೇಳಿಲ್ಲ. ಇಲ್ಲದಿದ್ದರೆ ಇವತ್ತೇ ಮೋಟರ್ ಸೈಕಲ್ ಹತ್ತಿ ಬಂದು ಪಡಸಾಲೆಯಲ್ಲಿ ನಿಂತು ಹೇಳಿಬಿಡುತ್ತಿದ್ದೆ.

ನಿಜ ಹೇಳಲಾಗದಿದ್ದರೆ ಸುಳ್ಳಾದರೂ ಹೇಳು. ಕಾಮಾಲೆ ಆಗಿತ್ತು, ಅರ್ಜುನ ತಾಟು ಬೇರೆ ಇಟ್ಟುಕೋ ಅಂದಿದ್ದ, ಈಗ ವಾಸಿಯಾಯಿತು ಅನ್ನು. ಹೆಸರು ಕೆಟ್ಟರೆ ನನ್ನದು ಕೆಡಲಿ. ಆದರೆ ಇವತ್ತೇ ಹೇಳು. ಊಟ ಮಾತ್ರ ಒಳಗೆ ಎಲ್ಲರ ಜೊತೆ ಮಾಡು.

ನೀನು ಒಂದು ಕಡೆ ಇಲ್ಲದ ರೋಗವನ್ನು ಹುಡುಕುತ್ತ ಕೂತಿದ್ದೀ. ಇನ್ನೊಂದು ಕಡೆ ಇರುವ ಮನೆ ಹೋಗುತ್ತಿದೆ. ಅದು ಕಣ್ಣಿಗೆ ಕಾಣುತ್ತಿಲ್ಲವೇ?

ಅರ್ಜುನ


ಬೈಲಹೊಂಗಲ
4 ಏಪ್ರಿಲ್ 1998

ಅರ್ಜುನ,

ಆಗಿಹೋಯಿತು.

ಕಾಮಾಲೆ ಅನ್ನಬೇಕೆಂದು ನಾಲಗೆಯ ತುದಿಗೆ ಬಂದಿತ್ತು. ಅಂದರೆ ಅಣ್ಣ ಬಿಡುತ್ತಿದ್ದನೇ? ಸವದತ್ತಿಗೋ ಬೆಳಗಾವಿಗೋ ಎಳೆದುಕೊಂಡು ಹೋಗಿ ರಕ್ತ ತೆಗೆಸುತ್ತಿದ್ದ. ಆ ರಕ್ತದಲ್ಲಿ ಏನು ಸಿಗುತ್ತದೋ ಎಂಬ ಅಂಜಿಕೆ ನನಗೆ. ಹಾಗಾಗಿ ನುಂಗಿದೆ.

ಯುಗಾದಿಯ ಮರುದಿನ ಅಣ್ಣ ಹಿರಿಯರನ್ನು ಕರೆಸಿದ. ಗಂಗಯ್ಯನವರು ಬಂದರು, ಪಕ್ಕದ ಹೊಲದ ಲಗಮಪ್ಪ ಬಂದ. ಎಲ್ಲರ ಮುಂದೆ ಅಣ್ಣ ಕೇಳಿದ: ‘ತಮ್ಮಾ, ನಿನಗ ಬ್ಯಾರೆ ಆಗೂದೈತೇನು? ಇಲ್ಲ ಅಂತ ಒಂದ ಮಾತ ಅನ್ನು, ಇವ್ರಿಗೆ ಚಹಾ ಕುಡಿಸಿ ಕಳಸ್ತೇನಿ.’ ಇಲ್ಲ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಗಂಗಯ್ಯನವರು, ‘ಇಲ್ಲಂದ್ರ ಮತ್ತ ತಾಟ ಯಾಕ ಬ್ಯಾರೆ ಇಟ್ಟಿ? ಅದನ್ನಷ್ಟು ಹೇಳಿಬಿಡು’ ಅಂದರು. ಹೇಳಲು ನನ್ನ ಹತ್ತಿರ ಏನಿತ್ತು? ತಲೆ ತಗ್ಗಿಸಿ ಕೂತೆ. ‘ಸುಮ್ಮನ ಕುಂತಾನಂದ್ರ ಹೂಂ ಅಂದಂಗ’ ಅಂದ ಲಗಮಪ್ಪ. ಅಲ್ಲೇ ಪಾಲು ಮಾಡಿದರು: ಅಂಗಡಿ ಅಣ್ಣನಿಗೆ, ಮೇಲಿನ ಹೊಲ ನನಗೆ, ಮನೆ ಅರ್ಧರ್ಧ. ಅಣ್ಣ ನನ್ನ ಕಡೆ ನೋಡಲಿಲ್ಲ. ಧೋತರದ ಚುಂಗಿನಿಂದ ಕಣ್ಣೊರಸಿಕೊಳ್ಳುತ್ತಲೇ ಇದ್ದ.

ಬಯ್ಯಬೇಡ. ನನಗೆ ನಾನೇ ಬಯ್ದುಕೊಂಡು ಸಾಕಾಗಿದೆ. ತಪಾಸಣೆಗೆ ಒಂದು ಚೀಟಿ ಬರೆದು ಕಳಿಸು.

ಗೌರೀಶ


ಬೈಲಹೊಂಗಲ
27 ಏಪ್ರಿಲ್ 1998

ಅರ್ಜುನ,

ನಿನ್ನ ಚೀಟಿ ಹಿಡಿದು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದಿದ್ದೆ. ಮೊನ್ನೆ ಹೋಗಿ ಫಲಿತಾಂಶ ತಂದೆ. ನೆಗೆಟಿವ್. ಅಲ್ಲಿದ್ದ ನರ್ಸ್ ಬಾಯಿ, ‘ಮೂರು ತಿಂಗಳ ದಾಟ್ಯಾವಲ್ರಿ, ಇನ್ನ ಆರಾಮ ಇರ್ರಿ’ ಅಂದರು. ಹೊರಗೆ ಬಂದು ಎರಡು ಪ್ಲೇಟು ಮಿರ್ಚಿ ತಿಂದೆ. ಧಾರವಾಡದಲ್ಲಿ ಇಳಿದು ಮಧುಗೆಂದು ಫೇಡೆ ಕಟ್ಟಿಸಿದೆ. ಬಸ್ಸಿನಲ್ಲಿ ಉದ್ದಕ್ಕೂ ಇವತ್ತು ರಾತ್ರಿ ಎಲ್ಲರ ನಡುವೆ ಕೂತು ಉಣ್ಣುತ್ತೇನೆ ಅಂದುಕೊಳ್ಳುತ್ತ ಬಂದೆ.

ಮನೆಗೆ ಬಂದರೆ ಹಿತ್ತಿಲ ಕಡೆಯಿಂದ ಹೊಗೆ ಬರುತ್ತಿತ್ತು. ಪಾಲಾದರೂ ಅಲ್ಲಿಯತನಕ ಒಲೆ ಒಂದೇ ಇತ್ತು; ಹಿಂದಿನ ವಾರ ಮಧುವಿನ ಜೊತೆ ಕಿತ್ತೂರಿನಿಂದ ಮರಳಿದ್ದ ಗಂಗಾ ವೈನಿ, ದಿನ ಚಲೋ ಇದೆ ಅಂತ ಅವತ್ತೇ ತಮ್ಮ ಭಾಗದಲ್ಲಿ ಹೊಸ ಒಲೆ ಹೂಡಿದ್ದಳು.

ಅವ್ವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಲಾಡ್ಜನ್ನೂ ಬಿಡಲಿಲ್ಲ. ಅವಳು ಬಯ್ಯಲಿಲ್ಲ. ಇಷ್ಟೇ ಕೇಳಿದಳು.

‘ತಾಟಿನಿಂದ ಬರೂ ರೋಗೇನು ಅದು?’

‘ಅಲ್ಲವ್ವಾ.’

‘ನಿನಗದು ಮೊದಲ ಗೊತ್ತಿತ್ತೋ, ಇವತ್ತ ಗೊತ್ತಾತೋ?’

‘ಅರ್ಜುನ ಮೊದಲ ಬರದಿದ್ದ.’

‘ಮತ್ಯಾಕ ಇಟ್ಟಿ?’

ಫೇಡೆಯ ಪೊಟ್ಟಣದ ದಾರ ಬಿಚ್ಚಿ ಮತ್ತೆ ಕಟ್ಟಿದೆ. ಅಣ್ಣನಿಗೆ ಹೇಳೋಣ ಅಂದರೆ ಅವ್ವ, ‘ಈಗ ಹೇಳಿದ್ರ ಹೊಲ ಕಡಿಮಿ ಬಿತ್ತಂತ ಕಥಿ ಕಟ್ಟ್ಯಾನ ಅಂತಾರ, ಸುಮ್ಮನಿರು’ ಅಂದಳು. ಫೇಡೆ ಹಾಗೇ ಇದೆ.

ಗೌರೀಶ


ಬೈಲಹೊಂಗಲ
3 ಆಗಸ್ಟ್ 1998

ಅರ್ಜುನಗ ಗುರವ್ವ ಬರಿಯೂದು.

ಪಂಚಮಿ ಆತು. ನಿಮ್ಮವ್ವ ಕರೆವ್ವ ಆರಾಮದಾಳಂತ ಕೇಳಿ ಸಮಾಧಾನ ಆತು. ನಾ ಒಂದ ಹೊತ್ತ ಈ ಒಲಿ ಮುಂದ, ಒಂದ ಹೊತ್ತ ಆ ಒಲಿ ಮುಂದ ಉಣಾಕ ಹತ್ತೇನಿ. ಎರಡೂ ಕಡೆ ಉಪ್ಪು ಹತ್ತೂದಿಲ್ಲ.

ನೀ ಬಾಯಿ ಬಿಡಲಿಲ್ಲಂತ ನಿನ್ನ ಮ್ಯಾಲ ನನಗೇನ ಸಿಟ್ಟಿಲ್ಲ. ನಿನ್ನ ಕಸಬ ಹಂಗೈತಿ, ತಿಳೀತು. ಈಗ ಬ್ಯಾರೆ ಮಾತಿಗೆ ಬರಿಯಾಕತ್ತೇನಿ. ರಕ್ತದ ಕಾಗದ ಬಂದ ಮೂರ ತಿಂಗಳ ಆತು. ಇವತ್ತಿಗೂ ಗೌರೀಶ ಆ ಜರ್ಮನ್ ತಾಟ ಬಿಟ್ಟಿಲ್ಲ. ಯಾಕೋ ಅಂದ್ರ, ‘ಒಳಗ ಕುಂತರ ತುತ್ತ ಎತ್ತಾಕ ಕೈ ಏಳೂದಿಲ್ಲವ್ವಾ’ ಅಂತಾನ. ರೋಗ ಇಲ್ಲಂತ ಕಾಗದ ಹೇಳಿದ್ರ ಸಾಲ್ದು, ಕೈಗೂ ಯಾರರ ಹೇಳಬೇಕು.

ಪಂಚಮಿ ದಿನ ಮಧು ಈ ಕಡೆ ಬಂದಿದ್ಲು. ಕಡುಬು ತುಪ್ಪ ಹಾಕಿ ಇಬ್ಬರಿಗೂ ಕೂಡೇ ಇಟ್ಟೆ. ಗೌರೀಶ ಅವತ್ತ ಗಟ್ಟಿ ಮನಸ ಮಾಡಿ, ‘ಬಾರವ್ವಾ’ ಅಂತ ಕರದ. ಕೂಸ ಎರಡೂ ಕೈ ಹಿಂದ ಕಟ್ಟ್ಕೊಂಡ ನಿಂತಿತ್ತು. ‘ಬ್ಯಾಡ ಕಾಕಾ, ನಂದು ನನಗ ಬ್ಯಾರೆ ಇಡ್ರಿ’ ಅಂತು. ಯಾರೂ ಕಲಸಿಲ್ಲ ತಮ್ಮಾ, ನೋಡಿ ಕಲತೈತಿ. ಗೌರೀಶ ಎದ್ದ ಹೊಲಕ್ಕ ಹ್ವಾದ, ಅವತ್ತ ಉಣಲಿಲ್ಲ.

ನೀ ಒಂದ ಆಯ್ತಾರ ಬಾ. ಅವನ ಬಾಜೂಕ ಕುಂತ ಉಣ್ಣು. ಡಾಕ್ಟರ ಕುಂತ ಉಂಡ್ರ ಅವನ ಅಂಜಿಕಿ ಬಿಡತೈತಿ, ಕೂಸೂ ನೋಡತೈತಿ. ಮಡಿವಾಳೆಪ್ಪನ ಕದ ಆ ಹೊತ್ತಿಗೆ ತೆರದ ಇರತೈತಿ, ಅವಗೂ ಕಾಣತೈತಿ. ನೀ ಬರತೀ ಅಂತ ನಿನ್ನ ಸಲುವಾಗಿ ಪ್ಯಾಟಿಂದ ಹೊಸಾ ಸ್ಟೀಲ ತಾಟ ತರಿಸಿಟ್ಟೇನಿ, ನಿನ್ನ ಹೆಸರ ಕೆತ್ತಿಸೇನಿ. ಅದನ್ನ ಯಾರಿಗೂ ಕೊಟ್ಟಿಲ್ಲ.

ಗುರವ್ವ


ಸಾಲಹಳ್ಳಿ
8 ಆಗಸ್ಟ್ 1998

ಅವ್ವಾರ,

ಬರುವ ಆಯ್ತಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನನ್ನ ಹೆಸರಿನ ತಾಟಿನಲ್ಲಿ ಮಧುವಿಗೆ ನಾನು ತರುವ ಫೇಡೆ ಇಟ್ಟುಕೊಡಿರಿ. ನಾನು ಗೌರೀಶನ ತಾಟಿನಲ್ಲೇ ಉಣ್ಣುತ್ತೇನೆ, ಆ ಜರ್ಮನ್ ತಾಟಿನಲ್ಲೇ. ನನಗೆ ಬೇರೆ ಇಡಬೇಡಿರಿ.

ನಿಮ್ಮ
ಅರ್ಜುನ